ಮೌಲಾಸಾಬನ ಗಾದಿ ಅಂಗಡಿ

ಫ್ರೀಮಾಂಟಿನಲ್ಲಿ ಆ ಶನಿವಾರ ಮಧ್ಯಾಹ್ನವೇ ಮಳೆ ಹಿಡಿದಿತ್ತು. ಸಂಜೆ ಐದಕ್ಕೆ ಕರೆಂಟೂ ಹೋಯಿತು. ಯೂನಿಯನ್ ಸಿಟಿಯಲ್ಲಿ ಕಾರಿನ ಸೀಟು, ಸೋಫಾ ಹೊಲಿಯುವ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಫರಾಜನನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿ ಬಂದಿದ್ದೆವು. ಅವನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಹತ್ತು ಹನ್ನೆರಡು ಜನ ಫೋನಿನ ಟಾರ್ಚು ಹಚ್ಚಿಕೊಂಡು ಕೂತಿದ್ದೆವು. ಅವನ ಹೆಂಡತಿ ಅಫ್ಶೀನ್ ಗೋಡೆಗೆ ಒರಗಿದ್ದಳು, ಅತ್ತೂ ಅತ್ತೂ ದನಿ ಹೋಗಿತ್ತು. ನಿಕಾಹದ ದಿನ ಅವಳಿಗೆ ಕೊಡಲು ಒಪ್ಪಿಕೊಂಡ ಮೆಹರಿನ ಹಣದ ಬದಲಿಗೆ ಅಂಗಡಿ ಅವಳಿಗೇ ಸೇರಬೇಕೆಂದು ಫರಾಜ್ ವಸೀಯತ್, ಅಂದರೆ ಉಯಿಲು, ಬರೆದಿದ್ದ. ಅದು ಅವನ ಅಣ್ಣ ಹುಜೈಫಾನ ಬಳಿ ಇತ್ತು.

"ನಿನ್ನೆ ಜನಾಜಾ ಎತ್ತೋ ಮೊದಲು ಅಫ್ಶೀನ್ ಮೆಹರ್ ಮಾಫ್ ಮಾಡಿಬಿಟ್ಟಿದ್ದಾಳಲ್ಲ," ಎಂದ ಹುಜೈಫಾ, ಯಾರೂ ಕೇಳದಿದ್ದರೂ. "ಇನ್ನು ಆ ಪೇಪರಿಂದು ಏನೂ ಇಶ್ಯೂ ಇಲ್ಲ. ಅಂಗಡಿ ನಾನು ನೋಡ್ಕೋತೀನಿ."

ಮೂಲೆಯಲ್ಲಿ ಕೂತಿದ್ದ ಅಫ್ಶೀನಳ ಅಜ್ಜಿ ಹಫ್ಸಾಬಿ ನಾನಿ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದರು. ನರಗುಂದದ ಕಡೆಯವರು, ಎಂಟು ವರ್ಷದಿಂದ ಮೊಮ್ಮಗಳ ಜೊತೆ ಇಲ್ಲಿದ್ದರೂ ಅವರ ಮಾತು ಒಂದಿಷ್ಟೂ ಬದಲಾಗಿರಲಿಲ್ಲ.

"ಮಾಫ್ ಮಾಡ್ಯಾಳಂತ! ಏ ಹುಜೈಫಾ, ಆ ಮಾತು ಇನ್ನೊಮ್ಮೆ ಆಡು ನೋಡೂಣು. ಕತ್ತಲಾಗೇತಿ, ನಿನ್ನ ಮಾರಿ ನಂಗ ಕಾಣವಲ್ದು, ಅದ ಛಲೋ ಆತು. ಏಳಬ್ಯಾಡ, ಕುಂದ್ರು. ಎಲ್ಲಾರೂ ಕುಂದರ್ರಿ. ದೆವ್ವದ ಕತಿ ಹೇಳತೀನಿ. ಅಂಜಿಕಿ ಬಂದ್ರ ಬರ್ಲಿ... ಬರಬೇಕು ನಿಮಗ.

"ನಮ್ಮನಿಯವ್ರು ಮೌಲಾಸಾಬ ನದಾಫ್. ಹತ್ತಿ ಹಿಂಜೋದು, ಗಾದಿ ಹೊಲಿಯೋದು ನಮ್ಮ ಕಸುಬು. ಹಿಂಜೋ ಕಮಾನು ಹೆಗಲಿಗೆ ಹಾಕ್ಕೊಂಡು ಹಳ್ಳಿ ಹಳ್ಳಿ ತಿರುಗಿ, ಕಡೀಕ ನಮ್ಮೂರ ಬಸ್‌ಸ್ಟ್ಯಾಂಡ್ ಬಾಜೂಕ ಒಂದು ಅಂಗಡಿ ಕಟ್ಟಿದ್ರು. ಅವರು ಹಿಂಜೋರು, ನಾ ಹೊಲಿಯಾಕಿ. ಆ ಧೂಳ ಕುಡದು ಕುಡದು ನನ್ನ ಎದಿ ಇವತ್ತಿಗೂ ಗುರುಗುರು ಅಂತೈತಿ. ಅಂದಮ್ಯಾಲೆ ಆ ಅಂಗಡಿ ಯಾರದು? ಹೇಳ್ರಿ, ಓದಿದವರ ಅದೀರಿ, ಯಾರದು?

"ಜಡ್ಡಾಗಿ ಮಲಗಿದಾಗ ಅವರಿಗೆ ನನ್ನ ಮೆಹರಿನ ಚಿಂತಿ ಹತ್ತಿತು. ಲಗ್ನದಾಗ ಒಪ್ಪಿದ್ದು, ಕೊಡಾಕ ಆಗಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಅದಕ್ಕ ಶೇಷಗಿರಿ ಮಾಸ್ತರನ್ನ ಕರಸಿ ವಸೀಯತ್ ಬರಸಿದ್ರು, ಮೆಹರ್ ಬಾಬತ್ತು ಅಂಗಡಿ ಹಫ್ಸಾಗ ಅಂತ. ಬರಸಿ ಯಾರ ಕೈಯಾಗ ಕೊಟ್ರು? ತಮ್ಮ ರಾಜೇಸಾಬನ ಕೈಯಾಗ! ಮನ್ಯಾಗ ಓದಾಕ ಬರತಿದ್ದಂವ ಅವನೊಬ್ಬನ. ನನಗ ಅಕ್ಷರ ಬರತಿದ್ದಿಲ್ಲ. ನನ್ನ ಮುಂದ ಒಂದು ಮಾತು ಬಾಯಿಲೆ ಹೇಳಿದ್ರ ಆಗತಿದ್ದಿಲ್ಲೇನು? ಇಲ್ಲ. ಹೆಂಗಸಿಗೆ ಕಾಗದದ ಸುದ್ದಿ ಯಾಕ ಅಂತ ಸುಮ್ಮನಾದ್ರು, ಪುಣ್ಯಾತ್ಮ.

"ಹೋಗಿಬಿಟ್ರು. ಜನಾಜಾ ಅಂಗಳದಾಗಿತ್ತು. ನಮ್ಮ ಮಂದಿ ಒಂದು ರೂಢಿ ಮಾಡಿಟ್ಟಾರಲ್ಲ, ಎತ್ತೂ ಮೊದಲು ಹೆಂಡತಿನ್ನ ಕರದು ಮೆಹರ್ ಮಾಫ್ ಮಾಡು ಅನ್ನೋದು. ಆ ಹೊರಿ ಹೊತ್ತ ಜೀವ ಮ್ಯಾಲ ಹೋಗಂಗಿಲ್ಲಂತ. ಗಂಡನ ಮಾರಿ ಕಡೀ ಸರತಿ ನೋಡಾಕ ಬಂದಾಕಿ, ಊರ ಗಂಡಸರೆಲ್ಲಾ ಸುತ್ತ ನಿಂತಿರತಾರ... ಇಲ್ಲ ಅಂತಾಳೇನು? ಅಲ್ಲಾ, ಇಲ್ಲ ಅನ್ನಾಕ ಬಾಯಿ ಏಳತೈತೇನು? ರಾಜೇಸಾಬ ಬಂದು, 'ವೈನಿ, ಅಣ್ಣಗ ಮಾಫ್ ಮಾಡ್ರಿ, ಹಗೂರ ಹೋಗ್ಲಿ' ಅಂದ. ಮಾಫ್ ಅಂದ್ನಿ. ಆ ಕಾಗದ ಆವಾಗ ಅವನ ಅಂಗಿ ಕಿಸೇದಾಗಿತ್ತು! ಕಿಸೇದಾಗ ಇಟ್ಕೊಂಡು, ಒಡಹುಟ್ಟಿದವನ ಹೆಣದ ಮುಂದ, ನನ್ನ ಬಾಯಿಂದ ಆ ಮಾತು ಹೊಂಡಿಸಿದ. ಥೂ ಅವನ ಜನ್ಮಕ್ಕ!

"ನಲವತ್ತರ ದಿನ ಮುಗೀತು. ಆವಾಗ ಕಾಗದ ತಗದು, ಮಂದಿ ಮುಂದ ಓದಿ, 'ಮಾಫ್ ಆಗೇತಿ, ಇನ್ನ ಇದು ರದ್ದಿ' ಅಂದ. ಅಂಗಡಿಗೆ ತನ್ನ ಕೀಲಿ ಜಡದ. ನಾನು ಮಗಳನ್ನ ಕಟ್ಕೊಂಡು ಬ್ಯಾರೆಯವರ ಅಂಗಡ್ಯಾಗ ಕೂಲಿಗೆ ಹೊಲ್ಯಾಕ ಹೋದ್ನಿ. ಹೊಟ್ಟಿ ಉರಿ ಇನ್ನೂ ಆರಿಲ್ಲ ನಂದು, ಆರೂದೂ ಬ್ಯಾಡ.

"ಆದ್ರ ಆ ಮಾತು ಮೋಸದ್ದು ಅನ್ನೋದು ಸತ್ತವರಿಗೆ ಗೊತ್ತಿರಂಗಿಲ್ಲೇನು?... ರಾಜೇಸಾಬ ಆಳು ಇಟ್ಟು ಗಾದಿ ಹೊಲಸತಿದ್ದ. ಮುಂಜಾನೆ ಕೀಲಿ ತಗದ್ರ ಎಲ್ಲಾ ಗಾದಿ ಹೊಲಿಗಿ ಬಿಚ್ಚಿ, ಹತ್ತಿ ಹೊಸದಾಗಿ ಹಿಂಜಿ ಗುಡ್ಡಿ ಹಾಕಿರತಿತ್ತು. ಹಾಡಹಗಲ, ಹೊರಗಿನ ಕೀಲಿ ಹೊರಗ ಇದ್ದಂಗ, ಒಳಗ ಕಮಾನು ಡಂಯ್... ಡಂಯ್... ಬಸ್ಸಿಗೆ ನಿಂತ ಮಂದಿ ಆಚೆ ದಂಡಿಗೆ ಸರದು ನಿಂದರತಿದ್ರು. ಮೂರನೇ ವರ್ಷಕ್ಕ ರಾಜೇಸಾಬನ ಮೂಗಿನಾಗ ಹತ್ತಿ ಬರಾಕ ಹತ್ತಿತು. ನಗಬ್ಯಾಡ್ರಿ. ಎದ್ದ ಕೂಡಲೆ ಮೂಗಿನಾಗ, ಕಿವ್ಯಾಗ ಹತ್ತಿ ಉಂಡಿ, ನಾವು ಹೆಣಕ್ಕ ಇಡತೀವಲ್ಲ, ಹಂಗ. ತಗದು ಒಗದ್ರ ಮರುದಿನ ಮತ್ತ.

"ಹಾಸಿಗಿ ಹಿಡದ, ನನಗ ಹೇಳಿ ಕಳಿಸಿದ. ಹೋದ್ನಿ. 'ವೈನಿ, ಅಣ್ಣ ಬಿಡವಲ್ಲ. ಮನಸಾರೆ ಇನ್ನೊಮ್ಮೆ ಮಾಫ್ ಅನ್ರಿ' ಅಂದ. 'ಅಂಗಡಿ ಕೀಲಿ ಕೊಡು' ಅಂದ್ನಿ. ಅಂವ ಮಕ್ಕಳ ಮಾರಿ ನೋಡಿದ. ಮಕ್ಕಳು ನೆಲಾ ನೋಡಿದ್ರು. ಉಸಿರು ಹೋಗೂಮುಂದನೂ ಆ ಕೀಲಿ ಬಿಡಾಕ ಮನಸಾಗ್ಲಿಲ್ಲ ಅವಗ! ನಂಗ ಮೈಯೆಲ್ಲಾ ಬೆಂಕಿ ಆತು. ನೆಟ್ಟಗ ನಿಂತು ಹೇಳಿದ್ನಿ, 'ಅವರಿಗೆ ಮಾಫ್. ಬರೇ ಅವರಿಗೆ. ನಿನಗಿಲ್ಲ.'

"ಮಧ್ಯಾನದ ಜೋಹರ್ ನಮಾಜ್ ಆಗೂದ್ರಾಗ ಹೋದ. ನಮ್ಮನಿಯವ್ರು ಅವತ್ತ ಬಿಡುಗಡಿ ಆದ್ರು, ನಂಗ ಖಾತ್ರಿ ಐತಿ. ಆದ್ರ ಅಂಗಡ್ಯಾಗ ಸಪ್ಪಳ ನಿಂದರ್ಲಿಲ್ಲ... ನಮ್ಮನಿಯವ್ರ ಕೈ ನಂಗ ಗೊತ್ತಿಲ್ಲೇನು? ಗಡಿಯಾರ ನಡದಂಗ ಒಂದಳತಿ ಇರತಿತ್ತು. ಈಗಿಂದು ಅಡ್ಡಾದಿಡ್ಡಿ, ಕಲಿಯದವನ ಕೈ. ರಾಜೇಸಾಬ ಇದ್ದಾಗ ಒಂದು ದಿನಾನೂ ಕಮಾನು ಮುಟ್ಟಿದಂವಲ್ಲ. ಆ ಅಂಗಡಿ ಬಾಡಿಗಿಗೂ ಯಾರೂ ಹಿಡದಿಲ್ಲ. ಹೋದ ತಿಂಗಳ ಅಫ್ಶೀನಳ ಅವ್ವ ಆ ಬಾಗಲಿಗೆ ಫೋನ್ ಹಿಡದಿದ್ಲು. ಆ ಸಪ್ಪಳ ನಾ ಇಲ್ಲೇ ಕುಂತು ಕೇಳೀನಿ."

ಹುಜೈಫಾ ಗಂಟಲು ಸರಿ ಮಾಡಿಕೊಂಡ. "ನಾನಿ, ಇದೆಲ್ಲಾ ಅಲ್ಲಿ ಹಳ್ಳೀಲಿ ನಡೆಯೋ ಮಾತು..."

"ನಿನ್ನ ಮಾತಾಡಿಸಿಲ್ಲ ನಾ," ಎಂದು ನಾನಿ ಮೊಮ್ಮಗಳ ಕಡೆ ತಿರುಗಿದರು. "ಅಫ್ಶೀನ್, ನಿನ್ನೆ ಮಾಫ್ ಅಂದೆಲ್ಲ ಮಗಳ... ಯಾರಿಗೆ ಅಂದಿ?"

ಅಫ್ಶೀನ್ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಒಡೆದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಫರಾಜ್‌ಗೆ, ನಾನಿ. ಫರಾಜ್‌ಗೆ ಮಾತ್ರ."

"ಕೇಳಿದೇನು ಹುಜೈಫಾ?" ಎಂದರು ನಾನಿ. "ಕಾಗದ ನಿನ್ನ ಹಂತೇಕ ಇರ್ಲಿ ಬೇಕಾದ್ರ, ನಾ ಕೇಳಂಗಿಲ್ಲ. ಆದ್ರ ಸೀಟ್ ಹೊಲಿಯೋದು ಈಗಿಂದನ ಕಲಕೋ. ರಾಜೇಸಾಬ ಸತ್ತು ಮೂವತ್ತೈದು ವರ್ಷ ಆತು, ಇನ್ನೂ ಕಮಾನಿಗೆ ಕೈ ಕುಂತಿಲ್ಲ."