ಗೋಡೆಯೊಳಗಿನ ಜಾಗ

ಜಾರಿದ್ದು ಅಯ್ಯನೋರೆ, ಜಾರಿದ್ದು... ಎಷ್ಟು ಸಲ ಹೇಳ್ಲಿ? ಶ್ರಾವಣದ ಹೊಳೆ, ಎರಡೂ ದಂಡೆ ಸಮ ಹರೀತೈತೆ. ಮೆಟ್ಟಿಲ ತುಂಬ ಪಾಚಿ. ಹೊಸಾ ಚಪ್ಪಲಿ ಬೇರೆ, ಹೋದ ತಿಂಗಳು ದಾವಣಗೆರೆಯಾಗೆ ತಗಂಡಿದ್ದು, ಅಡಿ ನುಣ್ಣಗೆ ಇತ್ತು. ನನ್ನ ಮಗ ಕಾಲಿಟ್ಟ, ಚಪ್ಪಲಿ ಜಾರಿತು, ಹೋದ. ಅಂಬಿಗರ ಸಣ್ಣತಿಮ್ಮಪ್ಪ ಕೆಳಗಡೆ ತಿರುವಿನಾಗೆ ಹುಡುಕಿ ತೆಗೆದು ತಂದ. ಪೊಲೀಸ್ನೋರೂ ಬಂದು ಕಾಲು ಜಾರಿ ಅಂತಾನೇ ಬರಕೊಂಡು ಹೋದ್ರು. ಪೊಲೀಸ್ನೋರೇ ಒಪ್ಪಿದ ಮೇಲೆ ಚರ್ಚಿನ ಸಭೆಯೋರದು ಏನೈತ್ರಿ?

ಕೂತ್ಕಳ್ರಿ. ಅಲ್ಲಿ ಬ್ಯಾಡ, ಅವನ ಕಾಲ ಹತ್ರ ಬ್ಯಾಡ. ಇತ್ಲಾಗೆ ಬರ್ರಿ, ತಲೆ ಹತ್ರ ಸ್ಟೂಲ್ ಹಾಕ್ತೀನಿ. ಶಿವಮೊಗ್ಗದಿಂದ ಬಸ್ಸಿನಾಗೆ ನಿಂತ್ಕಂಡೇ ಬಂದಂಗೆ ಕಾಣ್ತೀರಿ. ಚಾ ಕುಡೀರಿ. ನನ್ನ ಒಲೆದಲ್ಲ. ಹೆಣ ಇದ್ದ ಮನ್ಯಾಗೆ ಒಲೆ ಹಚ್ಚಬಾರದು ಅಂತಾರಲ್ಲ ಊರೋರು, ನಿನ್ನೆಯಿಂದ ಹಚ್ಚೇ ಇಲ್ಲ. ಪಕ್ಕದ ಮನೆ ಕಸ್ತೂರಮ್ಮ ಕಾಸಿ ತಂದಿಟ್ಟು ಹೋದಳು. ಪಾಪ, ಲಿಂಗವಂತರು, ಆದ್ರೂ ರಾತ್ರಿಯೆಲ್ಲ ನನ್ನ ಹತ್ರಾನೇ ಕೂತಿದ್ಲು.

ಹೊರಗೆ ಸದ್ದು ಕೇಳ್ತದಲ್ಲ, ಅದು ಪೆಟ್ಟಿಗೆ ಹೊಡಿಯೋದು. ಸಂಜೆ ಒಳಗೆ ಮುಗಿಸ್ತೀನಿ ಅಂದಾನೆ ಬಡಗಿ. ನೀವು ಒಂದು ಮಾತು ಹೂಂ ಅಂದ್ರೆ ಸಮಾಧಿ ಜಾಗದಾಗೆ, ಗೋಡೆ ಒಳಗೆ, ನಮ್ಮೋರ ಪಕ್ಕದಾಗೇ ಗುಂಡಿ ತೋಡಾಕೆ ಹೇಳಿ ಕಳಿಸ್ತೀನಿ. ನಮ್ಮೋರನ್ನ ಮಣ್ಣು ಮಾಡುವಾಗ ಒಬ್ಬರು ಮಲಗುವಷ್ಟು ಜಾಗ ಬಿಡಿಸಿದ್ದೆ. ನನಗೆ ಅಂತ ಬಿಡಿಸಿದ್ದು. ಆಗ್ಲಿ, ನನ್ನ ಜಯಶೀಲನಿಗೇ ಆಗ್ಲಿ.

ಹೂಂ ಅನ್ರಿ.

ನೀವು ಈ ಸಭೆಗೆ ಬಂದು ಇನ್ನೂ ವರ್ಷ ಆಗಿಲ್ಲ, ನಮ್ಮ ಮನೆತನ ನಿಮಗೆ ಗೊತ್ತಿಲ್ಲ. ನಮ್ಮೋರು ಸಮಾಧಾನಪ್ಪ ಅಂದ್ರೆ ಈ ಹೊನ್ನಾಳಿ ಸಭೆ ಉಪದೇಶಿ. ಸೈಕಲ್ ತುಳಕೊಂಡು ನ್ಯಾಮತಿ, ಸವಳಂಗ ಎಲ್ಲ ಕಡೆ ಪ್ರಾರ್ಥನೆ ನಡೆಸಾಕೆ ಹೋಗೋರು. ಉಪದೇಶಿ ಮಾತು ಅಂದ್ರೆ ಕಡ್ಡಿ ತುಂಡು ಮಾಡಿದಂಗೆ ಅಂತ ಅಡಿಕೆ ಮಂಡಿ ಸಾಹುಕಾರರೂ ಅನ್ನೋರು. ಅವರು ಹೋದ ಮೇಲೆ ಗಂಟೆ ಹಗ್ಗ, ಸಂಡೇ ಸ್ಕೂಲು, ಸಮಾಧಿ ಗೇಟಿನ ಕೀಲಿ ಎಲ್ಲಾ ನನ್ನ ಕೈಗೆ ಬಂತು. ನೋಡ್ರಿ, ಈಗಲೂ ಸೆರಗಿನ ತುದಿಯಾಗೆ ಗಂಟು ಹಾಕ್ಕಂಡಿದೀನಿ. ಇಷ್ಟು ದೊಡ್ಡ ಊರಾಗೆ ನಾವು ಒಂದು ಹಿಡಿ ಉಪ್ಪಿನಷ್ಟು ಜನ. ಉಪ್ಪೇ ಸಪ್ಪಗಾದ್ರೆ ಯಾವನು ಮೂಸ್ತಾನೆ ಅಂತ ನಮ್ಮೋರು ಹೇಳ್ತಿದ್ರು. ಅದನ್ನೇ ಹಿಡಕೊಂಡು ಕೂತೆ ನಾನು.

ಕಾಲ ಬದಲಾಗೈತೆ, ಕಾಲ ಬದಲಾಗೈತೆ... ಯಾರ ಬಾಯಾಗೆ ಕೇಳಿದ್ರೂ ಇದೇ. ಬಸ್ ಸ್ಟ್ಯಾಂಡ್ ಹತ್ರ ವಿಡಿಯೋ ಪಾರ್ಲರ್ ಬಂತು. ಭಾನುವಾರ ನಮ್ಮ ಆರಾಧನೆ ಟೈಮಿಗೇ ಅವರದು ಆಟ. ಮುಂದ್ಲ ಸಾಲಿನಾಗೆ ನಮ್ಮ ಹುಡುಗರೇ. ಒಂದಿನ ಗಂಟೆ ಹೊಡೆದು, ಸೀದಾ ಅಲ್ಲಿಗೇ ಹೋದೆ. ಬಾಗಿಲು ಕಾಯೋನು ಟಿಕೇಟು ಅಂದ. ಸಿನಿಮಾ ನೋಡಾಕೆ ಬಂದಿಲ್ಲಪ್ಪ, ನಮ್ಮ ಕುರಿ ತಪ್ಪಿಸ್ಕಂಡು ಬಂದಾವೆ, ಹೊಡಕೊಂಡು ಹೋಗಾಕೆ ಬಂದೀನಿ ಅಂದೆ. ಕಿವಿ ಹಿಡಿದು ಎಳಕೊಂಡು ಬಂದೆ ಒಬ್ಬೊಬ್ಬರನ್ನ.

ನಗು ಬಂತಾ? ನಗ್ರಿ, ಪರವಾಗಿಲ್ಲ. ಅವತ್ತು ಜಯಶೀಲನೂ ಹಿಂಗೇ ತಲೆ ಬಗ್ಗಿಸಿ ನಕ್ಕಿದ್ದ. ಅವನ ರೇಡಿಯೋ ರಿಪೇರಿ ಅಂಗಡಿ ಆ ಪಾರ್ಲರ್ ಎದುರಿಗೇ ಇದ್ದದ್ದು. ಅವ್ವ, ಊರಿಗೆಲ್ಲ ನೀನೊಬ್ಬಳೇ ಪೊಲೀಸು ಅಂದ.

ಹೌದು, ನಾನು ಬಿಗಿ. ಇಲ್ಲ ಅನ್ನಲ್ಲ. ನಮ್ಮ ಸಭೆಯ ಯೋನಪ್ಪನ ಸಂಗತಿ ನಿಮ್ಮ ಕಿವಿಗೆ ಬಿದ್ದಿರಬೇಕು, ಅದಕ್ಕೇ ಹಿಂಗೆ ನೋಡ್ತೀರಿ. ಎಮರ್ಜೆನ್ಸಿ ಮುಗಿದ ವರ್ಷ ಅವನು ತನ್ನ ಕೈಯಾರೆ ಪ್ರಾಣ ತಗಂಡ. ಆಗಿದ್ದ ಅಯ್ಯನೋರು ನಿಮ್ಮಂಗೇ ಮೆತ್ತಗಿನ ಮನುಷ್ಯ. ಅದು ಮನಸ್ಸಿನ ಕಾಯಿಲೆ ಜ್ಞಾನಮ್ಮ, ಒಳಗೇ ಮಲಗಿಸೋಣ ಅಂದ್ರು. ನಾನು ಗೇಟಿಗೆ ಅಡ್ಡ ನಿಂತೆ. ಪ್ರಾಣ ಕೊಟ್ಟೋನೇ ಪ್ರಾಣ ತಗಬೇಕು, ಹಿಂದಿನಿಂದ ಬಂದ ಕಟ್ಟಳೆ ಇವತ್ತು ಒಬ್ಬನಿಗೆ ಸಡಿಲ ಮಾಡಿದ್ರೆ ನಾಳೆ ಎಲ್ಲರಿಗೂ ಮಾಡಬೇಕು ಅಂದೆ. ಕೀಲಿ ಕೊಡ್ಲಿಲ್ಲ. ಗೋಡೆ ಹೊರಗೆ, ಆ ಹೊಂಗೆ ಮರದ ಬುಡಕ್ಕೆ ಮಣ್ಣು ಮಾಡಿದ್ರು. ಗಂಟೆ ಹೊಡೀಲಿಲ್ಲ.

ಅವನ ಹೆಂಡ್ತಿ ಕರುಣಮ್ಮ ನ್ಯಾಮತಿಯಾಗೆ ತವರು ಸೇರ್ಕಂಡ್ಳು. ಈಸ್ಟರ್ ಬೆಳಗ್ಗೆ ಮಾತ್ರ ತಪ್ಪಲ್ಲ, ಬರ್ತಾಳೆ. ನಾವೆಲ್ಲ ಒಳಗೆ ನಮ್ಮ ನಮ್ಮೋರ ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಿ ಕೀರ್ತನೆ ಹಾಡ್ತೀವಿ. ಅವಳು ಗೋಡೆ ಆಚೆ ಒಬ್ಬಳೇ. ಅಲ್ಲಿ ಹೊಳೆ ಗಾಳಿ ಜಾಸ್ತಿ, ಬತ್ತಿ ನಿಲ್ಲಲ್ಲ. ಆರ್ತದೆ, ಕಡ್ಡಿ ಗೀರ್ತಾಳೆ, ಆರ್ತದೆ, ಮತ್ತೆ ಗೀರ್ತಾಳೆ. ಹಾಡಿನ ನಡುವೆ ಆ ಸದ್ದು ನಮಗೆ ಕೇಳಿಸ್ತದೆ. ನಾನು ಇನ್ನೂ ಜೋರಾಗಿ ಹಾಡ್ತಿದ್ದೆ.

ಆದ್ರೆ ಅದು ಬೇರೆ, ಇದು ಬೇರೆ. ಅವನು ಬೇಕಂತ ಮಾಡಿದ್ದು. ನನ್ನ ಮಗ ಜಾರಿದ್ದು.

ಶಿವಗಂಗೆ ವಿಷಯ ಯಾರು ಹೇಳಿದ್ರು ನಿಮಗೆ? ಹೂಂ, ಊರು ಅಂದ್ಮೇಲೆ ಬಾಯಿ ಇರ್ತದೆ. ಹೇಳ್ತೀನಿ ಕೇಳ್ರಿ, ಮುಚ್ಚಿಡೋದು ಏನಿಲ್ಲ. ಸವಳಂಗದ ಸ್ಕೂಲ್ ಟೀಚರ್ ಆ ಹುಡುಗಿ. ಲಿಂಗವಂತರ ಬಸವರಾಜಪ್ಪನ ಮಗಳು. ಸ್ಕೂಲಿನ ರೇಡಿಯೋ ಕೆಟ್ಟಿತ್ತು ಅಂತ ಇವನ ಅಂಗಡಿಗೆ ಬಂದ್ಳು. ರೇಡಿಯೋ ಸರಿ ಆದ ಮೇಲೂ ಬರಾಕೆ ಹತ್ತಿದ್ಳು. ಇವನು ಒಂದಿನ ಮನೆಗೇ ಕರಕೊಂಡು ಬಂದ. ಅವ್ವ, ಇವಳನ್ನ ಮದುವೆ ಆಗ್ತೀನಿ ಅಂದ. ದೇವಾಲಯದಾಗೆ ಆಗೋದಾದ್ರೆ ಆಗ್ಲಿ, ಅದಕ್ಕೆ ಅವಳು ದೀಕ್ಷಾಸ್ನಾನ ತಗಬೇಕು ಅಂದೆ ನಾನು. ನಾನು ಹೇಳಿದ್ದು ತಪ್ಪೇನ್ರಿ? ಕಟ್ಟಳೆ ಇರೋದೇ ಹಂಗಲ್ವಾ?

ಆ ಹುಡುಗಿ ಏನು ಅಂದ್ಳು ಗೊತ್ತಾ? ಇಲ್ಲೇ, ಈ ಬಾಗಿಲ ಹತ್ರ ಕೂತು, ಕೊರಳಿನ ಲಿಂಗದ ಕರಡಿಗೆ ಹಿಡಕೊಂಡು ಹೇಳಿದ್ಳು. "ಅಮ್ಮ, ನಿಮ್ಮ ದೇವರ ಮೇಲೆ ನನಗೆ ಗೌರವ ಐತೆ. ಆದ್ರೆ ಮನಸ್ಸಿನಾಗೆ ನಂಬದೆ ತಲೆ ಮೇಲೆ ನೀರು ಹಾಕಿಸ್ಕಂಡ್ರೆ ನಮ್ಮ ದೇವರಿಗೂ ಮೋಸ, ನಿಮ್ಮ ದೇವರಿಗೂ ಮೋಸ."

ಜಯಶೀಲ ಬೇಡ್ಕಂಡ. ಬರೀ ಹೆಸರಿಗೆ ಆಗ್ಲಿ ಅವ್ವ, ಒಂದು ಚೊಂಬು ನೀರು ತಾನೆ, ಅವಳನ್ನೂ ಒಪ್ಪಿಸ್ತೀನಿ, ನೀನೂ ಒಪ್ಪು ಅಂದ. ಸುಳ್ಳು ದೀಕ್ಷಾಸ್ನಾನ ನನ್ನ ಗಂಡ ಉಪದೇಶಿಯಾಗಿದ್ದ ಸಭೆಯಾಗೆ ಆಗಬಾರದು ಅಂದೆ. ಅವಳೂ ಅದನ್ನೇ ಅಂದ್ಳು. ರಿಜಿಸ್ಟ್ರಾರ್ ಆಫೀಸಿನಾಗೆ ಆಗ್ತೀನಿ ಅಂದಾಗ, ಹಂಗೆ ಆದ್ರೆ ಈ ಹೊಸಿಲು ತುಳೀಬ್ಯಾಡ, ನಾನು ಸತ್ತರೂ ಬರಬ್ಯಾಡ ಅಂದೆ. ನಾನು ಬಿಡ್ಲಿಲ್ಲ, ಆ ಹುಡುಗಿನೂ ಬಿಡ್ಲಿಲ್ಲ, ಅವನು ಅತ್ತ ದರಿ ಇತ್ತ ಪುಲಿ ಅನ್ನಂಗೆ ನಡುವೆ ನಿಂತ. ನಿಜ ಹೇಳ್ತೀನಿ ಅಯ್ಯನೋರೆ, ಒಳಗೊಳಗೇ ಆ ಹುಡುಗಿನ ಮೆಚ್ಕಂಡಿದ್ದೆ. ನನ್ನ ಸಂಡೇ ಸ್ಕೂಲಿನಾಗೆ ಕಲಿತ ಒಬ್ಬರಿಗಾದ್ರೂ ಅಂಥ ಗಟ್ಟಿ ಮನಸ್ಸು ಇಲ್ಲ. ಸುಳ್ಳು ಹೇಳ್ಲಿಲ್ಲವಲ್ಲ ಅವಳು. ಒಂದೇ ಒಂದು ಸುಳ್ಳು ಸಾಕಿತ್ತು.

ಬ್ಯಾಸಿಗೆಯಾಗೆ ಅವಳಪ್ಪ ಬಿಳಿಚೋಡು ಕಡೆಯ ಗಂಡಿಗೆ ಕೊಟ್ಟು ಮದುವೆ ಮಾಡಿದ. ಆಮೇಲೆ ಇವನು ಸುಮ್ಮನಾದ. ಸಿಟ್ಟಿಲ್ಲ, ಜಗಳ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣೋನು, ಭಾನುವಾರ ನನ್ನ ಜೊತೆ ಆರಾಧನೆಗೆ ಬರೋನು. ಗೆದ್ದೆ ಅಂದ್ಕಂಡೆ. ನೋಡ್ರಿ ನನ್ನ ಬುದ್ಧಿ... ಗೆದ್ದೆ ಅಂದ್ಕಂಡೆ! ಮೊನ್ನೆ ಭಾನುವಾರ ನನಗಿಂತ ಮೊದಲೇ ಹೋಗಿ ಗಂಟೆ ಹೊಡೆದಿದ್ದ. ಯಾಕಪ್ಪ ಅಂದ್ರೆ, ನಿನ್ನ ಕೈ ನೋಯ್ತದಲ್ಲ ಅವ್ವ ಅಂದ.

ಆ ಗಂಟೆ ಇವತ್ತು ಅವನಿಗೆ ಹೊಡೀಬೇಕು. ಅದಕ್ಕೇ ನಿಮ್ಮನ್ನ ಕೇಳ್ಕಳ್ಳೋದು. ಗಂಟೆ ಹೊಡೀಲಿ, ನೀವು ಮುಂದೆ ನಡ್ಕಂಡು ಪ್ರಾರ್ಥನೆ ಹೇಳ್ರಿ, ಅವರಪ್ಪನ ಪಕ್ಕ ಮಲಗ್ಲಿ. ಆಮೇಲೆ ನನಗೆ ಏನೂ ಬ್ಯಾಡ. ಕೀಲಿ ಬ್ಯಾಡ, ಸಂಡೇ ಸ್ಕೂಲು ಬ್ಯಾಡ, ಬೇರೆ ಯಾರಿಗಾದ್ರೂ ಕೊಡ್ರಿ.

ಏನು ನೋಡ್ತೀರಿ ಅಲ್ಲಿ? ಇತ್ಲಾಗೆ ಕೂತ್ಕಳ್ರಿ ಅಂದ್ರೂ ಅವನ ಕಾಲ ಕಡೆನೇ ನೋಡ್ತೀರಲ್ಲ. ಅದು ಚಪ್ಪಲಿ. ಸತ್ತೋರಿಗೆ ಇದ್ದದ್ರಾಗೆ ಒಳ್ಳೇದು ತೊಡಿಸಿ ಕಳಿಸೋದು ನಮ್ಮ ಪದ್ಧತಿ ತಾನೆ? ಷರಟು ಇಸ್ತ್ರಿ ಮಾಡ್ಸಿ ಹಾಕ್ದೆ. ಚಪ್ಪಲಿ ಹಾಕ್ದೆ. ಇಷ್ಟಪಟ್ಟು ತಗಂಡಿದ್ದ...

ಹೌದು, ಅವೇ. ಜಾರಿದ್ವು ಅಂದ್ನಲ್ಲ, ಅವೇ. ಹೊಳ್ಯಾಗೆ... ಕಾಲಿನಾಗೇ ಇದ್ವು. ಒಣಗಿದಾವೆ ಅಂತೀರಾ? ಒದ್ದೆ ಆಗಿದ್ವು, ಒಣಗಿಸ್ದೆ. ಒಲೆ ಮುಂದೆ ಇಟ್ಟು ಒಣಗಿಸ್...

ಒಲೆ ಹಚ್ಚಿಲ್ಲ ಅಂದೆ ಅಲ್ವಾ.

ಬಿಸಿಲೂ ಬಂದಿಲ್ಲ ನಾಲ್ಕು ದಿನದಿಂದ. ನೀವು ಒದ್ದೆ ಕೊಡೆ ಹಿಡಕೊಂಡೇ ಬಂದ್ರಿ.

ಬಯ್ಯಬಾರದಾ? ಬೇಲಿನೇ ಎದ್ದು ಹೊಲ ಮೇಯ್ತು ಅನ್ನಬಾರದಾ? ಯೋನಪ್ಪನ ಹೆಣದ ಮುಂದೆ ಕೀಲಿ ಹಿಡಕೊಂಡು ನಿಂತೋಳು, ಸುಳ್ಳು ಅಂದ್ರೆ ಮಕ್ಕಳ ಬಾಯಿಗೆ ಮೆಣಸಿನಕಾಯಿ ಹಚ್ಚಿದೋಳು...

ಹೊಳೆ ಮಂಟಪದಾಗೆ ಇದ್ದವು ಅಯ್ಯನೋರೆ. ಹನಿ ತಾಗದ ಕಡೆ. ಸಣ್ಣತಿಮ್ಮಪ್ಪ ಬರೋಕೆ ಮೊದಲೇ ನಾನು ಹೋಗಿದ್ದೆ, ರಾತ್ರಿ ಮನೆಗೆ ಬಂದಿರಲಿಲ್ಲವಲ್ಲ, ಹುಡುಕ್ಕೊಂಡು ಹೋಗಿದ್ದೆ. ನೋಡಿದ ತಕ್ಷಣ ಗೊತ್ತಾತು. ಸಣ್ಣೋನಿದ್ದಾಗ ದೇವಾಲಯದ ಬಾಗಿಲಾಗೆ ಚಪ್ಪಲಿ ಹೆಂಗೆ ಬಿಡಬೇಕು ಅಂತ ನಾನೇ ಕಲಿಸಿದ್ದೆ. ಎರಡೂ ಕೂಡಿಸಿ, ಗೋಡೆಗೆ ಒತ್ತಿ ಇಡಬೇಕು, ಹಿಂದೆ ಬರೋರು ಎಡವಬಾರದು ಅಂತ. ಹಂಗೇ ಇಟ್ಟಿದ್ದ. ಸೆರಗಿನಾಗೆ ಮುಚ್ಕಂಡು ತಂದೆ, ಯಾರಿಗೂ ಹೇಳ್ಲಿಲ್ಲ. ಅವನ ಕಾಲಿಗೆ ಹಾಕಿದ್ರೆ ನಾನು ಹೇಳಿದ ಮಾತು ನಿಜ ಆಗ್ತದೆ ಅಂತ ಹಾಕ್ದೆ. ಬಿಚ್ರಿ. ನೀವೇ ಬಿಚ್ರಿ.

ಇಲ್ಲ, ಹಂಗೆ ತಲೆ ಆಡಿಸಬ್ಯಾಡ್ರಿ. ನೀವು ಒಳ್ಳೆಯೋರು, ಒಳಗೇ ಇಡೋಣ ಅಂತೀರಿ. ನಿಮ್ಮ ಮುಖದಾಗೇ ಕಾಣ್ತದೆ. ಇವನನ್ನ ಒಳಗೆ ಮಲಗಿಸಿ, ಈಸ್ಟರ್ ದಿನ ಗೋಡೆ ಆಚೆ ಆ ಕಡ್ಡಿ ಗೀರೋ ಸದ್ದು ನಾನು ಹೆಂಗೆ ಕೇಳ್ಲಿ? ಯಾವ ಹಾಡು ಹಾಡಿ ಮುಚ್ಲಿ ಅದನ್ನ?

ಹೊಂಗೆ ಮರದ ಬುಡಕ್ಕೇ ತೋಡಾಕೆ ಹೇಳ್ರಿ. ಕೀಲಿ ಬೇಕಾಗಲ್ಲ, ಆದ್ರೂ ತಗಳ್ರಿ, ನನ್ನ ಹತ್ರ ಬ್ಯಾಡ. ಗಂಟೆ... ಗಂಟೆ ನಿಮಗೆ ಬಿಟ್ಟಿದ್ದು. ಮತ್ತೆ ನ್ಯಾಮತಿಗೆ ಯಾರನ್ನಾದ್ರೂ ಕಳಿಸಿ ಕರುಣಮ್ಮಗೆ ಸುದ್ದಿ ಮುಟ್ಟಿಸ್ರಿ. ಜಾರಿದ್ದು ಅಂತ ಹೇಳಬ್ಯಾಡ್ರಿ ಅವಳಿಗೆ. ಇದ್ದದ್ದು ಇದ್ದಂಗೆ ಹೇಳ್ರಿ. ಬರ್ತಾಳೋ, ಮುಖ ತಿರುಗಿಸ್ತಾಳೋ, ಅವಳಿಷ್ಟ. ಬಂದ್ರೆ... ಅಲ್ಲಿ ಗಾಳಿ ಜಾಸ್ತಿ ಅಯ್ಯನೋರೆ, ಬತ್ತಿ ನಿಲ್ಲಲ್ಲ. ಅವಳು ಕಡ್ಡಿ ಗೀರುವಾಗ ನಾನು ಸೆರಗು ಅಡ್ಡ ಹಿಡೀತೀನಿ.