ಲೇತ್ ಪುಸ್ತಕಗಳ ಹಿಂದೆ

ಶನಿವಾರ ಟಿ. ದಾಸರಹಳ್ಳಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹೈಸ್ಕೂಲಿನ ಇಬ್ಬರು ಹುಡುಗಿಯರು ನಿಂತಿದ್ದರು. ಎರಡು ಜಡೆಯವಳು ಕುದಿಯುತ್ತಿದ್ದಳು.

“ಲೈಬ್ರರಿ ಕ್ಲಬ್ಬಲ್ಲಿ ಪ್ರತಿ ಭಾನುವಾರ ಆ ಮಂಜುಶ್ರೀನೇ ಯಾಕೆ ಮೊದಲು ಕಥೆ ಹೇಳ್ಬೇಕು?”

“ಅವಳು ಪೂರ್ತಿ ಓದ್ಕೊಂಡು ಬರ್ತಾಳೆ ಕಣೇ ಭಾವನಾ.”

“ನಾಳೆ ಹೆಂಗೆ ಹೇಳ್ತಾಳೋ ನೋಡೇಬಿಡ್ತೀನಿ. ನಾಳೆ ಹೇಳ್ಬೇಕಾದ ಕಥೆ ಪುಸ್ತಕ ಲೈಬ್ರರೀಲಿ ಇರೋದು ಒಂದೇ. ಬಚ್ಚಿಟ್ಟಿದ್ದೀನಿ.”

“ಮನೇಲಾ?”

“ನನ್ನ ಕಾರ್ಡಿಗೆ ಆಗ್ಲೇ ಎರಡು ಪುಸ್ತಕ ತಗೊಂಡಿದ್ದೀನಿ, ಇನ್ನೊಂದು ಕೊಡಲ್ಲ. ಅದಕ್ಕೇ ಅಲ್ಲೇ, ಲೇತ್ ಮಷೀನ್ ಪುಸ್ತಕಗಳ ಹಿಂದೆ ಇಟ್ಟೆ. ಆ ಕಪಾಟಿಗೆ ಯಾವ ಹುಡುಗಿ ಹೋಗ್ತಾಳೆ?”

ಕನ್ನಡಕದ ಗೆಳತಿ ತುಟಿಯಂಚಲ್ಲೇ ನಕ್ಕಳು.

“ಮಂಜುಶ್ರೀ ಹೋಗ್ತಾಳೆ. ಅವರಪ್ಪ ಪೀಣ್ಯದ ಫ್ಯಾಕ್ಟರೀಲಿ ಕಬ್ಬಿಣ ಕಡೆಯೋ ಲೇತ್ ಆಪರೇಟರ್. ಅವರಿಗೆ ಪುಸ್ತಕ ತಗೊಂಡು ಹೋಗೋದು ಅವಳೇ.”

“ಅಯ್ಯೋ! ಸಿಕ್ಬಿಡ್ತಾ?”

“ನಿನ್ನೆನೇ ಸಿಕ್ತಂತೆ. ಒಳಗೆ ಓದಿದ ಪುಟದ ಗುರುತಿಗೆ ನಿನ್ನ ಚಿಟ್ಟೆ ಕ್ಲಿಪ್ ಇತ್ತಂತೆ.”

ಭಾವನಾಳ ಕೈ ಜಡೆಯ ಕಡೆ ಹೋಯಿತು.

“ಓದಿ ಮುಗಿಸಿರ್ತಾಳೆ ಬಿಡು.”

“ಇಲ್ಲ ಕಣೇ. ‘ಪಾಪ, ಭಾವನಾ ಅರ್ಧ ಓದಿದ್ದಾಳೆ’ ಅಂತ ಲೈಬ್ರರಿ ಮೇಡಂಗೆ ಹೇಳಿ, ನಿನಗೋಸ್ಕರ ಎತ್ತಿಡ್ಸಿದ್ದಾಳೆ. ನಾಳೆ ನೀನೇ ಮೊದಲು ಹೇಳ್ಬೇಕಂತೆ.”

ಅವರ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಭಾವನಾ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಇಳಿದಿರಲಿಲ್ಲ.

“ನೋಡ್ದ್ಯಾ? ಒಳ್ಳೆಯವಳು ಅನ್ನಿಸ್ಕೊಳ್ಳೋದ್ರಲ್ಲೂ ಅವಳೇ ಮೊದಲು!”