ಬಲಗಡೆ ಬಾಗಿಲು

ಮೊದಲ ಸಲ ಇಂಜಿನ್ ಶುರುವಾಗಿದ್ದು ಹೋದ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಇನ್ನೆಷ್ಟು ಸಲ ಹೇಳಿಸ್ತೀಯ ಅಕ್ಕ? ಹೂಂ, ಕೀ ತಿರುಗಿಸಿದ ಕೂಡಲೇ. ಇಟಲಿಯವರು ಈ ಕಾರನ್ನ ಜೋಡಿಸಿದಾಗ ನಮ್ಮಮ್ಮನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಂಥ ಇಂಜಿನ್ನು, ಒಂದೇ ಸಲಕ್ಕೆ... ಅದಕ್ಕೇ ಹೇಳ್ತಿದ್ದೀನಿ, ಇವತ್ತು ಬೇಡ. ಮುದುಕರನ್ನ ಹಾಸಿಗೆಯಿಂದ ಎಬ್ಬಿಸಿದ ವಾರಕ್ಕೇ ಯಾರಾದರೂ ಬೆಟ್ಟ ಹತ್ತಿಸ್ತಾರಾ?

ಯಾಕೆ ನಗ್ತೀಯ?

ನಗು. ನಕ್ಕಾದ ಮೇಲೆ ಇಳಿ. ಬ್ರೇಕ್ ಆಯಿಲ್ ಇನ್ನೊಂದು ಸಲ ನೋಡಬೇಕು... ನೀನೇ ನೋಡಿದೆಯಾ? ಯಾವಾಗ? ಸರಿ. ಹಾಗಾದರೆ ವೈಪರ್. ಅದು ಅರ್ಧಕ್ಕೇ ನಿಂತುಬಿಡುತ್ತೆ. ಆಕಾಶದಲ್ಲಿ ಮೋಡ ಇಲ್ಲ, ನನಗೂ ಕಣ್ಣಿದೆ. ಮೋಡ ಏನು ಹೇಳಿ ಕಳಿಸಿ ಬರುತ್ತಾ? ಬಟ್ಟೆಯ ಹುಡ್ ಇನ್ನೂ ದರ್ಜಿ ಹತ್ತಿರವೇ ಇದೆ. ಚಿನ್ನಿ ನೆನೆದರೆ? ನಿನ್ನ ಮಗಳಿಗೆ ಶೀತ ಆದರೆ ಆಮೇಲೆ ನನ್ನನ್ನೇ ಅಂತೀಯ.

ಕುಣೀತಿದ್ದಾಳೆ ಅಂತ ಗೊತ್ತು. ಬೆಳಿಗ್ಗೆಯಿಂದ ಕನ್ನಡಿ ಬಿಟ್ಟಿಲ್ಲ. ತಲೆಗೆ ಹಳದಿ ಬಟ್ಟೆ ಕಟ್ಟಲಾ, ನೀಲಿ ಕಟ್ಟಲಾ ಮಾವ ಅಂತ ಮೂರು ಸಲ ಬಂದು ಕೇಳಿದಳು. ಹನ್ನೊಂದು ವರ್ಷಕ್ಕೇ ಇಷ್ಟು. ಹಳೇ ಗಾಡಿಗಳವರೆಲ್ಲ ಬೆಟ್ಟದ ಬುಡದಲ್ಲಿ ಕಾಯ್ತಿರ್ತಾರೆ, ಅದೂ ಗೊತ್ತು. ಕಾಯಲಿ. ಚಿನ್ನೀನ ಕೂಗಬೇಡ. ಅಕ್ಕ, ಕೂಗಬೇಡ ಅಂದೆ.

ಇಲ್ಲ, ದನಿ ಎತ್ತಲಿಲ್ಲ.

ನಿನ್ನ ಆಸೆ ನನಗೆ ಅರ್ಥ ಆಗಲ್ಲ ಅಂತಲ್ಲ. ಹನ್ನೆರಡು ವರ್ಷ ಶಾಲೆ ಬಸ್ಸು ಓಡಿಸಿದವಳು ನೀನು. ನಲವತ್ತು ಮಕ್ಕಳ ಕಿರುಚಾಟ ತಗಡಿಗೆ ಬಡಿದು ವಾಪಸ್ ನನ್ನ ತಲೆಗೇ ಬೀಳುತ್ತೆ, ನನಗೊಂದು ಛಾವಣಿ ಇಲ್ಲದ ಗಾಡಿ ಬೇಕು ಅಂದಿದ್ದೆ. ಎರಡೇ ಸೀಟಿನದು, ಜೋರಾಗಿ ಓಡೋದು. ಇದನ್ನ ಆ ಕೋಳಿ ಶೆಡ್ಡಿಂದ ಎಳ್ಕೊಂಡು ಬಂದ ದಿನ ಭಾವ ಸುತ್ತ ಒಂದು ಸುತ್ತು ಹಾಕಿ, ಇದರಲ್ಲಿ ಗಟ್ಟಿ ಇರೋದು ಕೋಳಿ ಹಿಕ್ಕೆ ಒಂದೇ ಅಂದ್ರು. ನಾನು ಮಾಡಿಕೊಡ್ತೀನಿ ಅಂತ ಎದೆ ತಟ್ಟಿದೆ. ನಾಲ್ಕು ವರ್ಷ ಅಕ್ಕ. ಒಂದೊಂದು ಸ್ಕ್ರೂಗೂ ಚೀಟಿ ಅಂಟಿಸಿ ಡಬ್ಬಿಗೆ ಹಾಕಿದವನು ನಾನು. ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ಲವಾ?

ತಡಿ, ಬಾಗಿಲು ಹಾಗೆ ಎಳೀಬೇಡ. ಸ್ವಲ್ಪ ಬಿಗಿ ಇರುತ್ತೆ, ರಬ್ಬರ್ ಹೊಸದು. ಭುಜ ಕೊಟ್ಟು ನೂಕು. ಇನ್ನೂ... ಹಾಂ, ಬಂತು. ಮೇಲೆ ಭಾರ ಬಿದ್ದಾಗ ಹಿಡ್ಕೊಳ್ಳುತ್ತೆ, ಇಳಿದರೆ ಸರಿಹೋಗುತ್ತೆ.

ಭಾರ ಅಂದೆನಾ? ಇಲ್ಲ, ರಬ್ಬರ್. ರಬ್ಬರ್ ವಿಷಯ ಹೇಳಿದ್ದು.

ಆ ಕಡೆ ಯಾಕೆ ಹೋಗ್ತೀಯ? ಸ್ಟೀರಿಂಗ್ ಎಡಕ್ಕಿರೋ ಗಾಡಿ, ಬಲಗಡೆ ಚಿನ್ನಿ ಕೂರೋದು, ಅಲ್ಲೇನಿದೆ ನೋಡೋಕೆ... ಸಂದಿಗೆ ಬೆರಳು ಹಾಕಬೇಡ, ಬಣ್ಣ ಹಸಿ. ಹೌದು, ಒಣಗಿ ತಿಂಗಳಾಯ್ತು. ಗೊತ್ತು.

ಅಕ್ಕ.

ಬಸ್ಸಿನಲ್ಲಿ ಮಕ್ಕಳನ್ನ ಬೈತೀಯಲ್ಲ, ಹಾಗೆ ಬೈ. ಬಾಗಿಲ ಸಂದು ಮೇಲೆ ಕಿರಿದು, ಕೆಳಗೆ ಅಗಲ. ನಿನಗೆ ಈಗ ಕಾಣ್ತು. ನನಗೆ ಎಂಟು ತಿಂಗಳಿಂದ ಕಾಣ್ತಿದೆ.

ಹೇಳ್ತೀನಿ. ಚಿನ್ನಿ ಬರೋದರೊಳಗೆ ಹೇಳಿ ಮುಗಿಸ್ತೀನಿ.

ಛಾವಣಿ ಇಲ್ಲದ ಗಾಡಿಗೆ ಬೆನ್ನುಮೂಳೆ ಕೆಳಗಿರುತ್ತೆ. ಬಾಗಿಲ ಕೆಳಗೆ ತಗಡಿನ ತೊಲೆ, ಎಡಕ್ಕೊಂದು, ಬಲಕ್ಕೊಂದು. ಎರಡೂ ತುಕ್ಕು ತಿಂದು ಜರಡಿ ಆಗಿದ್ದವು. ಟಿಂಕರಿಂಗ್ ಮೇಸ್ತ್ರಿ ಮೊದಲ ದಿನವೇ ಎಚ್ಚರಿಸಿದ್ದ. ಮೈ ಕುಸಿಯದ ಹಾಗೆ ಬಾಗಿಲ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡು, ಆಮೇಲೆ ಒಂದು ಕಡೆ ಕತ್ತರಿಸು, ಅದು ಮುಗಿಯೋವರೆಗೆ ಇನ್ನೊಂದು ಕಡೆ ಮುಟ್ಟಬೇಡ ಅಂತ. ಪೈಪ್ ಹಾಕಿದ್ದೆ. ಆ ವಾರವೇ ನೀನು ಬಂದು, ಸಾಕಪ್ಪ, ಇದು ಗಾಡಿ ಆಗಲ್ಲ, ಗುಜರಿಗೆ ಹಾಕೋಣ ಅಂದೆ. ನೆನಪಿದೆಯಾ? ನಾನು ನಾಲ್ಕು ದಿನ ಕೊಡು ಅಂದೆ. ಪೈಪ್ ಇದ್ದರೆ ಬಾಗಿಲು ಕೂರಲ್ಲ. ಪೈಪ್ ಕಿತ್ತು ಬಾಗಿಲು ಕೂರಿಸಿ ನಿನ್ನ ಕರೆದೆ. ಟಕ್ ಅಂತ ಮುಚ್ಚಿಕೊಳ್ತು. ನೀನು ಹತ್ತು ಸಲ ತೆಗೆದು ಮುಚ್ಚಿ ಮಾಡಿದೆ. ಗುಜರಿ ಮಾತು ಬಿಟ್ಟೆ.

ಆ ಪೈಪ್ ಮತ್ತೆ ಹಾಕಲಿಲ್ಲ. ಬಾಗಿಲೇ ಇದೆಯಲ್ಲ, ಚಿಲಕ ಬಿದ್ದಿದ್ದರೆ ಅದೇ ಹಿಡ್ಕೊಳ್ಳುತ್ತೆ ಅಂದುಕೊಂಡೆ. ಎರಡೂ ಕಡೆ ಒಂದೇ ದಿನ ಕತ್ತರಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ಶಬ್ದ ಕೂಡ ಬರಲಿಲ್ಲ ಅಕ್ಕ. ಹೊಸ ತೊಲೆ ವೆಲ್ಡ್ ಮಾಡಿ ಮುಗಿಸಿ ಬಾಗಿಲು ತೆಗೆಯೋಕೆ ಹೋದರೆ ಅಲ್ಲಾಡಲಿಲ್ಲ. ಗಾಡಿಯ ನಡು ಕುಸಿದಿತ್ತು. ಕುಸಿದ ಹಾಗೇ ಬೆಸೆದುಬಿಟ್ಟಿದ್ದೆ.

ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಬಾಗಿಲ ಅಂಚನ್ನ ಅರದಿಂದ ಉಜ್ಜಿ, ಪುಟ್ಟಿ ತುಂಬಿ, ಮೇಲೆ ಕೆಂಪು ಹೊಡೆದೆ. ಮೇಸ್ತ್ರಿ ಬಂದು ಒಂದು ಸಲ ಸಂದಿನ ಉದ್ದಕ್ಕೂ ಕೈಯಾಡಿಸಿದ. ಬಣ್ಣ ಚೆನ್ನಾಗಿದೆ ಅಂದ. ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಹಾಗೆ ನೋಡಬೇಡ. ಎಲ್ಲ ಬಿಚ್ಚಿ ಮತ್ತೆ ಮಾಡ್ತೀನಿ, ಇವತ್ತಿಂದಲೇ. ಇನ್ನೊಂದು ವರ್ಷ ಕೊಡು. ಬೇಡ, ಗುಜರಿಗೇ ಹಾಕು, ಭಾವನ ಹತ್ತಿರ ಏನು ಬೇಕಾದರೂ ಹೇಳು. ಇದನ್ನ ಗೇಟು ದಾಟಿಸಬೇಡ, ಅಷ್ಟೇ. ನಿನ್ನ ಕಾಲಿಗೆ ಬೀಳ್ತೀನಿ.

ಅಷ್ಟೇ ಅಕ್ಕ. ಇನ್ನೇನೂ ಇಲ್ಲ.

ಇನ್ನೇನೂ ಇಲ್ಲ ಅಂದೆನಲ್ಲ. ಆ ಚಿಲಕವನ್ನೇ ಯಾಕೆ ಮುಟ್ಟಿ ನೋಡ್ತಿದ್ದೀಯ?

...ಅದು ತಂತಿ ಸುತ್ತಿದ ಗುರುತು. ಚಿಲಕ ನಿಲ್ಲಲಿ ಅಂತ ನಾನೇ ಸುತ್ತಿದ್ದು. ಗಾಡಿ ಗುಂಡಿಗೆ ಇಳಿದು ಎದ್ದಾಗ ಮೈ ಬಿಲ್ಲಿನ ಹಾಗೆ ಬಾಗುತ್ತೆ, ಚಿಲಕ ಜಾರುತ್ತೆ. ಈ ಕಡೆಯದು ಮಾತ್ರ. ನಾನೊಬ್ಬನೇ ಇದ್ದೆ. ಸೀಟಿನ ಮೇಲೆ ಸ್ಪ್ಯಾನರ್ ಪೆಟ್ಟಿಗೆ ಇಟ್ಟಿದ್ದೆ. ಅದು ರಸ್ತೆಗೆ ಬಿತ್ತು.

ಗೊತ್ತಿತ್ತು. ನಿನ್ನೆ ನೀನು ಚಿನ್ನೀನ ಪಕ್ಕದಲ್ಲಿ ಕೂರಿಸಿಕೊಂಡು ಹೋಗ್ತೀನಿ ಅಂದಾಗಲೂ ಗೊತ್ತಿತ್ತು. ಸರಿ ಅಂತ ತಲೆ ಆಡಿಸಿದೆ.

ಈ ವಾರ ಆರು ಸಲ ಹೊರಗೆ ತೆಗೆದೆ. ಬಾಗಿಲು ತೆರೆದುಕೊಂಡಿದ್ದು ನಾಲ್ಕು ಸಲ.